ಮಾದೇವಿ ಅತ್ತೆಯ ಕೊರಳಿನ ಕಲ್ಲು

ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೇರ ಬರಲೆಂದು ಕಾಗದದ ಕೆಳಗೆ ಗೆರೆ ಎಳೆದ ಇನ್ನೊಂದು ಹಾಳೆ ಇಟ್ಟುಕೊಂಡಿದ್ದೇನೆ, ಆದರೂ ಬಲಕ್ಕೆ ಹೋಗುತ್ತಾ ಸಾಲು ಕೆಳಗಿಳಿಯುತ್ತದೆ. ಏಳನೆಯ ತರಗತಿಯ ನಂತರ ನಾನು ಶಾಲೆಗೆ ಹೋಗಿಲ್ಲ. ಹೀಗಾಗಿ ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ನಮ್ಮ ಓಣಿಯ ವಾಚನಾಲಯದ ಕೈಬರಹದ ಪತ್ರಿಕೆಗೆ ಬರೆಯಲು ದೇವೀಂದ್ರಪ್ಪ ಮಾಸ್ತರರು ಹೇಳಿದಾಗ, ಯಾರ ಬಗ್ಗೆ ಬರೆಯಲಿ ಎಂದು ಕೇಳಿದೆ. "ಹೆಸರಾದವರ ಬಗ್ಗಿ ಎಲ್ಲಾರೂ ಬರೀತಾರ. ನೀ ದಿನಾ ನೋಡೋರ ಬಗ್ಗಿ ಬರಿ" ಎಂದರು. ನಾನು ದಿನಾ ನೋಡುವುದು ನನ್ನ ಅತ್ತೆಯನ್ನು. ಆಕೆಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಅತ್ತೆಯ ಹೆಸರು ಮಹಾದೇವಮ್ಮ. ಎಲ್ಲರೂ ಮಾದೇವಿ ಎನ್ನುತ್ತಾರೆ. ನನ್ನ ತಂದೆ ಸಾಯಬಣ್ಣನವರ ಒಬ್ಬಳೇ ತಂಗಿ. ನಮ್ಮ ಶಹಾಬಾದದ ಹತ್ತಿರದ ಒಂದು ಫರಸಿ ಖಣಿಯಲ್ಲಿ, ಅಂದರೆ ಹಾಸುಗಲ್ಲಿನ ಗಣಿಯಲ್ಲಿ, ಆಕೆಗೆ ಕೆಲಸ. ಗಂಡಸರು ಸಬ್ಬಲ ಹಾಕಿ ನೆಲದಿಂದ ಫರಸಿ ಎಬ್ಬಿಸಿದ ಮೇಲೆ ಉಳಿಯುವ ಚೂರು ಕಲ್ಲನ್ನು ಹೆಂಗಸರು ಬುಟ್ಟಿಯಲ್ಲಿ ತುಂಬಿ ದಂಡೆಗೆ ಹೊತ್ತು ಹಾಕಬೇಕು. ನಮ್ಮ ಊರಿನ ಮನೆಗಳ ನೆಲ, ಗೋಡೆ, ಮಾಳಿಗೆ ಎಲ್ಲವೂ ಆ ಕಲ್ಲೇ. ಬೇರೆ ಊರುಗಳಿಗೂ ಗಾಡಿ ಗಾಡಿ ಹೋಗುತ್ತದೆ. ಚೂರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ದಂಡೆಯ ಮೇಲೆ ಗುಡ್ಡೆಯಾಗಿ ಬಿದ್ದಿರುತ್ತದೆ.

ಅತ್ತೆಯ ಮದುವೆ ಗುಂಡಗುರ್ತಿಗೆ ಆಗಿತ್ತು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷವೇ ಅತ್ತೆ ಒಂದು ಬಟ್ಟೆಗಂಟು ಹಿಡಿದು ತವರಿಗೆ ಬಂದಳು. "ರಾಜ್ಯಕ್ಕ ಹೊಸಾ ಹೆಸರು ಬಂತು, ನಮ್ಮನಿಗಿ ಹಳೀ ಮಗಳು ಬಂದಳು" ಎಂದು ಅಪ್ಪ ನಗುತ್ತಲೇ ಅಂದರಂತೆ. ಅಪ್ಪ ಕೆಟ್ಟವರಲ್ಲ. ಆದರೆ ಆ ಮಾತು ಮನೆಯಲ್ಲಿ ಉಳಿದುಕೊಂಡಿತು. ಅತ್ತೆಯೂ ನಕ್ಕಳಂತೆ. ಮರುದಿನದಿಂದಲೇ ಖಣಿಗೆ ಹೋಗಲು ಹತ್ತಿದಳು.

ನನ್ನ ಅಣ್ಣನ ಮದುವೆಯಲ್ಲಿ ಫೋಟೋ ತೆಗೆಯುವವನನ್ನು ಕರೆಸಿದ್ದರು. ಆ ಫೋಟೋ ನಮ್ಮ ಪಡಸಾಲೆಯಲ್ಲಿ ತೂಗುಹಾಕಿದೆ. ಅದರಲ್ಲಿ ಮನೆಯವರೆಲ್ಲ ಇದ್ದಾರೆ, ನೆರೆಮನೆಯ ಆಡು ಕೂಡ ಒಂದು ಮೂಲೆಯಲ್ಲಿದೆ. ಅತ್ತೆ ಇಲ್ಲ. ಚಿಕ್ಕಪ್ಪನ ಕೂಸು ಅಳಬಾರದೆಂದು ಆಕೆ ಕ್ಯಾಮೆರಾದ ಹಿಂದೆ ನಿಂತು ಗಿಲಕಿ ಆಡಿಸುತ್ತಿದ್ದಳು. ಫೋಟೋದಲ್ಲಿ ಕೂಸು ನಗುತ್ತಿರುವುದು ಆಕೆಯನ್ನು ನೋಡಿ. ಇದು ಆಗ ಯಾರಿಗೂ ಹೊಳೆಯಲಿಲ್ಲ.

ಅತ್ತೆಗೆ ತನ್ನದು ಎಂದು ಇದ್ದದ್ದು ಒಂದೇ, ಕೊರಳಿನ ಲಿಂಗ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರವರ ಲಿಂಗವಿರುತ್ತದೆ. ಕೂಸು ಇರುವಾಗಲೇ ಮನೆತನದ ಅಯ್ಯನವರು ಬಂದು ಕಟ್ಟುತ್ತಾರೆ. ಸಾಯುವತನಕ ಅದು ಮೈಮೇಲೇ ಇರಬೇಕು, ಅದಕ್ಕೆ ಪೂಜೆ ಮಾಡದೆ ಉಣ್ಣಬಾರದು. ಉಳ್ಳವರು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅತ್ತೆಯದು ಬಟ್ಟೆಯಲ್ಲಿ ಕಟ್ಟಿದ್ದು. ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಖಣಿಯ ಜಾಲಿಮರದ ಕೆಳಗೆ, ಅದನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಚೂರು ನೀರು ಹಾಕಿ, ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಬೇರೆಯವರಿಗೆ ಪೂಜೆ ಬೇಗ ಮುಗಿಯುತ್ತದೆ. ಅತ್ತೆಗೆ ಮುಗಿಯುತ್ತಿರಲಿಲ್ಲ, ಯಾಕೆಂದರೆ ಆಕೆ ಮಾತಾಡುತ್ತಿದ್ದಳು. ಬಿಸಿಲು ಭಾಳ ಅದ ಎಂದು ಹೇಳುತ್ತಿದ್ದಳು. ಬುಟ್ಟಿಯ ತಳ ಹರಿದಿದೆ ಎಂದು ಹೇಳುತ್ತಿದ್ದಳು. ಕೊನೆಗೆ ಯಾವಾಗಲೂ ಒಂದೇ ಮಾತು ಕೇಳುತ್ತಿದ್ದಳು. ನಾನು ಪಕ್ಕದಲ್ಲಿ ಮಲಗುವವಳಾದ್ದರಿಂದ ನನಗೆ ಅದು ಗೊತ್ತು.

"ನಾ ಇಲ್ಲಿ ಅದೀನಿ. ನಿನಗ ಗೊತ್ತದ ಇಲ್ಲೋ?"

ಮಕ್ಕಳು ಬೇಕೆಂದಾಗಲಿ, ಗಂಡ ಬಂದು ಕರೆಯಲೆಂದಾಗಲಿ ಆಕೆ ಕೇಳಿದ್ದನ್ನು ನಾನು ಕೇಳಿಲ್ಲ. ಇಷ್ಟನ್ನೇ ಕೇಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಖಣಿಯೊಳಗೆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಆವತ್ತು ರೊಟ್ಟಿಗಂಟು ಒಯ್ದಿದ್ದೆ. ಅತ್ತೆ ಮರದ ಕೆಳಗೆ ಕುಳಿತು ಕೊರಳಿನ ಬಟ್ಟೆ ಬಿಚ್ಚಿದಳು. ಬಟ್ಟೆ ಕಪ್ಪಗೆ ಅಂಟಂಟಾಗಿತ್ತು. ಲಿಂಗದ ಮೇಲಿನ ಕಪ್ಪು ಲೇಪ ಸೆಕೆಗೆ ಕರಗಿ ಬಟ್ಟೆಗೇ ಹತ್ತಿಕೊಂಡಿತ್ತು. ಕೈಯಲ್ಲಿ ಉಳಿದದ್ದು ಬೂದುಬಣ್ಣದ, ನೀಲಿ ಛಾಯೆಯ ಒಂದು ಗುಂಡನೆಯ ಕಲ್ಲು.

ಅತ್ತೆಯ ಜೊತೆ ಬುಟ್ಟಿ ಹೊರುವ ನಜಮುನ್ನೀಸಾ ಖಾಲಾ ಪಕ್ಕದಲ್ಲೇ ಕುಳಿತಿದ್ದರು. ಬಗ್ಗಿ ನೋಡಿದರು.

"ಅರೇ ಮಾದೇವಿ, ಇದು ನಮ್ಮ ಖಣಿ ಕಲ್ಲಲ್ಲೇನ?"

"ಬಾಯಿ ಮುಚ್ಚ. ಲಿಂಗ ಅದ ಅದು."

"ನಾ ಏನ್ ಸುಳ್ಳ ಹೇಳ್ತೀನ? ಇಪ್ಪತ್ತ್ ವರ್ಷ ತಲಿ ಮ್ಯಾಲ ಹೊತ್ತೀನಿ, ಕಲ್ಲಿನ ಬಣ್ಣ ಗೊತ್ತಾಗಲ್ಲೇನ ನಂಗ? ನೋಡು." ಖಾಲಾ ಕಾಲಬದಿಯಿಂದ ಒಂದು ಚೂರು ಎತ್ತಿ ಅತ್ತೆಯ ಅಂಗೈಯ ಪಕ್ಕದಲ್ಲಿ ಹಿಡಿದರು. ಎರಡರ ಬಣ್ಣವೂ ಒಂದೇ ಇತ್ತು.

ಅತ್ತೆ ಎರಡನ್ನೂ ನೋಡಿದಳು. ತಾವು ಮಾಡಿದ್ದು ತಿಳಿದು ಖಾಲಾ ಆ ಚೂರನ್ನು ದೂರ ಎಸೆದರು. "ನಂದೇ ಕಣ್ಣು ಸರಿ ಇಲ್ಲ. ನಮ್ಮವ್ವ, ರೊಟ್ಟಿ ತಿನ್ನು" ಎಂದರು. ಅತ್ತೆ ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ರೊಟ್ಟಿಗಂಟನ್ನು ಖಾಲಾ ಕಡೆಗೆ ಸರಿಸಿ, ಬುಟ್ಟಿ ತೆಗೆದುಕೊಂಡು ಎದ್ದಳು. ಸಂಜೆಯವರೆಗೂ ಕೆಲಸ ಮಾಡಿದಳು.

ಮನೆಗೆ ಬಂದು ನೇರವಾಗಿ ಅಜ್ಜಿಯ ಹಾಸಿಗೆಯ ಬಳಿ ಹೋದಳು. ಅಜ್ಜಿ ಗುರುಲಿಂಗಮ್ಮ, ಅಂದರೆ ಅತ್ತೆಯ ತಾಯಿ, ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾಳೆ. ಅತ್ತೆ ಸೆರಗು ಬಿಚ್ಚಿ ಕಲ್ಲನ್ನು ತೋರಿಸಿದಳು.

"ಯವ್ವಾ, ಇದೇನು?"

ಅಜ್ಜಿ ಗೋಡೆಯ ಕಡೆಗೆ ತಿರುಗಿಕೊಂಡಳು. ಗೋಡೆಗೇ ಹೇಳುವಂತೆ ಹೇಳಲು ಶುರು ಮಾಡಿದಳು. ಆಕೆ ಬಿಟ್ಟು ಬಿಟ್ಟು ಹೇಳಿದ್ದನ್ನು ನಾನು ಜೋಡಿಸಿ ಬರೆಯುತ್ತೇನೆ.

ಅದು ರಜಾಕಾರರ ಗಲಾಟೆಯ ವರ್ಷ. ನಮ್ಮ ಊರಿನ ಅನೇಕ ಮನೆಯವರು ರಾತ್ರೋರಾತ್ರಿ ನಿಜಾಮನ ಗಡಿ ದಾಟಿ ಸೊಲ್ಲಾಪುರದ ಕಡೆಯ ಶಿಬಿರಕ್ಕೆ ಹೋಗಿದ್ದರು. ಅತ್ತೆ ದಾರಿಯಲ್ಲಿ ಹುಟ್ಟಿದಳು. ಅಂಗೈ ಅಗಲದ ಕೂಸು, ಅಳಲೂ ಬಲವಿರಲಿಲ್ಲ. ಶಿಬಿರದಲ್ಲಿ ಒಂದು ದಿನ ನಮ್ಮ ಮನೆತನದ ಅಯ್ಯನವರಾದ ಮಡಿವಾಳಯ್ಯನವರು ಬಂದು, ಒಂದು ಮರದ ಕೆಳಗೆ ಕುಳಿತು, ಅಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಲಿಂಗ ಕಟ್ಟಿದರು. ಆಗ ಅವರು ಚಿಕ್ಕ ವಯಸ್ಸಿನವರು. ಅಜ್ಜಿ ಗಂಜಿ ತರಲು ಸಾಲಿನಲ್ಲಿ ನಿಂತಿದ್ದಳು. ಕೂಸು ಅರಿವೆಯ ಕೆಳಗೆ ಮಲಗಿತ್ತು. ಎಲ್ಲ ಮುಗಿದ ಮೇಲೆ ಅಯ್ಯನವರು ಪದ್ಧತಿಯಂತೆ ಕೇಳಿದರಂತೆ, "ಇನ್ನ ಯಾರರ ಉಳಿದಾರೇನು?" ಅಲ್ಲಿದ್ದ ಹೆಂಗಸೊಬ್ಬಳು ಹೇಳಿದಳಂತೆ, "ಅಲ್ಲೊಂದು ಅದ್ರಿ. ಅದು ಉಳಿಯೂದಲ್ಲ, ಬಿಡ್ರಿ." ಅಯ್ಯನವರು ಎದ್ದು ಹೋದರು. ಅಜ್ಜಿ ಗಂಜಿ ತಂದಾಗ ಮರದ ಕೆಳಗೆ ಯಾರೂ ಇರಲಿಲ್ಲ.

ಕೂಸು ಉಳಿಯಿತು. ಅಜ್ಜ ಉಳಿಯಲಿಲ್ಲ. ಗಲಾಟೆ ಮುಗಿದು ಊರಿಗೆ ಬಂದಾಗ, ಅಜ್ಜಿಯ ಅತ್ತೆ ಬಾಗಿಲಲ್ಲೇ ಕೇಳಿದಳು, "ಕೂಸಿಗಿ ಲಿಂಗ ಆಗ್ಯದಲ್ಲ?" ಇಲ್ಲವೆಂದರೆ ಕೂಸನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಅಜ್ಜಿ ಹೌದೆಂದಳು. ಒಮ್ಮೆ ಹೌದೆಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಆಗ ತಾನು ದುಡಿಯುತ್ತಿದ್ದ ಖಣಿಯಿಂದ ಒಂದು ಚೂರು ತಂದು, ದೀಪದ ಮಸಿಯನ್ನು ಮೇಣದಲ್ಲಿ ಕಲಸಿ ಹಚ್ಚಿ, ಬಟ್ಟೆಯಲ್ಲಿ ಕಟ್ಟಿ ಕೂಸಿನ ಕೊರಳಿಗೆ ಹಾಕಿದಳು. ಮುಂದೆ ಅಯ್ಯನವರು ಒಬ್ಬರೇ ಸಿಕ್ಕಾಗ ಹೇಳಿ ಸರಿಮಾಡಿಸಿದರಾಯಿತು ಎಂದುಕೊಂಡಳು. ಅವರು ಒಬ್ಬರೇ ಎಂದೂ ಸಿಗಲಿಲ್ಲ. ಪ್ರತಿ ಶಿವರಾತ್ರಿಗೆ "ಕೊಡು, ಲಿಂಗಕ್ಕ ಎಣ್ಣಿ ಹಚ್ಚಿ ಕೊಡ್ತೀನಿ" ಎಂದು ಮಗಳಿಂದ ತೆಗೆದುಕೊಂಡು ಮತ್ತೆ ಮಸಿ ಹಚ್ಚುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು.

"ನಾ ನಿನ್ನ ದೇವರಿಗೂ ಮೋಸ ಮಾಡ್ದೆ, ನಿನಗೂ ಮಾಡ್ದೆ" ಎಂದಳು ಅಜ್ಜಿ. "ನನ್ನ ಮುಖ ಅವ ನೋಡೂದಿಲ್ಲ."

ಅತ್ತೆ ಬೈಯಲಿಲ್ಲ. ಅಜ್ಜಿಯ ಹೊದಿಕೆ ಸರಿಮಾಡಿ ಹೊರಗೆ ಬಂದಳು. ಅಂಗಳದಲ್ಲಿ ಕುಳಿತು ಎಡಗೈ ಬಿಚ್ಚಿ ಖಾಲಿ ಅಂಗೈಯನ್ನು ನೋಡಿದಳು.

"ಇಷ್ಟ್ ದಿನ ನಾ ಯಾರ ಜೋಡಿ ಮಾತಾಡ್ದೆ?" ಎಂದು ನನ್ನನ್ನು ಕೇಳಿದಳು.

ನಾನು ಹೋಗಿ ಆಕೆಯ ಪಕ್ಕದಲ್ಲಿ ಕುಳಿತೆ.

ಆವತ್ತಿನಿಂದ ಅತ್ತೆ ಊಟ ಬಿಟ್ಟಳು. ಹಟವಲ್ಲ. ಲಿಂಗಪೂಜೆ ಇಲ್ಲದೆ ಉಣ್ಣುವುದು ಆಕೆಗೆ ಗೊತ್ತೇ ಇರಲಿಲ್ಲ. ನೀರು ಕುಡಿಯುತ್ತಿದ್ದಳು. ಅವ್ವ ರೊಟ್ಟಿ ಹಿಡಿದು ಹಿಂದೆ ಹಿಂದೆ ತಿರುಗಿದಳು. ಅಪ್ಪ ಮೊದಲು ಸಿಟ್ಟಾದರು, ಆಮೇಲೆ ಹೆದರಿದರು.

"ಇಲ್ಲೇ ಓಣ್ಯಾಗ ಅಯ್ಯನವರು ಅದಾರ. ನಾಳಿ ಮುಂಜಾನಿ ಕರಸ್ತೀನಿ, ಕಟ್ಟಿಸ್ಕೊ, ಮುಗೀತು."

"ಬ್ಯಾಡ ಅಣ್ಣಾ. ಬಿಟ್ಟವರೇ ಕಟ್ಟಬೇಕು."

"ಮಡಿವಾಳಯ್ಯನವರ? ಅವರೀಗ ಇಲ್ಲಿ ಎಲ್ಲಿ ಅದಾರ? ಕಣ್ಣ್ ಹೋಗಿ, ಚಿಂಚೋಳಿ ಕಡಿ ತಂಗಿ ಮನ್ಯಾಗ ಅದಾರಂತ. ಚಂದ್ರಂಪಳ್ಳಿ. ಅಲ್ಲೀತನ ಉಪಾಸ ಹೋಗ್ತೀಯೇನು?"

"ಹೋಗ್ತೀನಿ. ನನ್ನ ಯಾಕ ಬಿಟ್ಟ್ರಿ ಅಂತ ಕೇಳಬೇಕು."

ಅತ್ತೆ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ, "ಹುಡುಗಿನ ಜೋಡಿ ಕರ್ಕೊಂಡು ಹೋಗು. ನಡೂವ ಬಿದ್ದ್ರ ನೀರರ ಹಾಕ್ತಾಳ" ಎಂದರು.

ಮರುದಿನ ಬೆಳಿಗ್ಗೆ ನಾವು ಪ್ಯಾಸೆಂಜರ್ ಗಾಡಿಗೆ ವಾಡಿಗೆ ಹೋದೆವು. ಅಲ್ಲಿ ಇಳಿದು ಸೇಡಂ ಕಡೆಯ ಗಾಡಿ ಹಿಡಿಯಬೇಕು. ವಾಡಿ ಸ್ಟೇಷನ್ನಿನಲ್ಲಿ ಅಷ್ಟು ಜನರನ್ನು ಅತ್ತೆ ಒಟ್ಟಿಗೆ ನೋಡಿರಲಿಲ್ಲ. ಮುಂಬಯಿ ಕಡೆಯವರು, ಮದ್ರಾಸ್ ಕಡೆಯವರು, ಹೈದರಾಬಾದ್ ಕಡೆಯವರು, ಟ್ರಂಕಿನ ಮೇಲೆ ಕುಳಿತವರು, ಕೂಸಿಗೆ ಹಾಲು ಕುಡಿಸುವವರು, ನಿದ್ದೆ ಮಾಡುವವರು. ಒಂದು ಗಾಡಿ ಹೋದರೆ ಇನ್ನೊಂದು ಬರುತ್ತಿತ್ತು, ಅದರಿಂದಲೂ ಜನ ಇಳಿಯುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ನೋಡುತ್ತಲೇ ಇದ್ದಳು.

"ಇಷ್ಟ್ ಮಂದಿ!" ಎಂದಳು. "ಇವರೆಲ್ಲಾರ ಹೆಸರು ಆ ಶಿವಗ ನೆನಪಿರ್ತದೇನ? ಒಂದ್ ಶಿಬಿರದಾಗಿನ ಕೂಸುಗಳೇ ಅಯ್ಯನವರಿಗಿ ನೆನಪ ಉಳೀಲಿಲ್ಲ."

ಸೇಡಂ ಗಾಡಿಯಲ್ಲಿ ಶೇಂಗಾ ಮಾರುವವನೊಬ್ಬ ನಮ್ಮ ಎದುರಿಗೇ ಬುಟ್ಟಿ ಇಳಿಸಿದ. ಹುರಿದ ವಾಸನೆಗೆ ನಾನು ಬುಟ್ಟಿಯ ಕಡೆಗೇ ನೋಡಿದೆ.

"ಶೇಂಗಾ ತಗೋರಿ ಅಕ್ಕಾ, ಬಿಸಿ ಅದಾವ."

"ಒಲ್ಲಪ್ಪ. ಈ ಹುಡುಗಿಗಿ ಕೊಡು."

"ನಿಮಗ ಉಪಾಸೇನ್ರಿ? ಇವತ್ತ್ ಯಾವ ದೇವರ ವಾರ?"

"ನನ್ನ ದೇವರು ಕಳದಾನ. ಹುಡುಕ್ಲಿಕ್ಕಿ ಹೊಂಟೀನಿ" ಎಂದಳು ಅತ್ತೆ.

"ಅವನರ ಟಿಕೇಟ್ ತೆಗಸ್ಯಾನ ಇಲ್ಲೋ ನೋಡ್ರಿ. ಚಿತ್ತಾಪುರದಾಗ ಟಿ.ಸಿ. ಏರ್ತಾನ."

ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಚಿತ್ತಾಪುರ ಹೋಯಿತು, ಮಳಖೇಡ ಹೋಯಿತು. ಆಕೆಯ ಬಲಗೈ ಆಗಾಗ ಕೊರಳಿಗೆ ಹೋಗಿ, ಅಲ್ಲಿ ಏನೂ ಸಿಗದೆ, ಮಡಿಲಿಗೆ ಇಳಿಯುತ್ತಿತ್ತು.

ಸೇಡಮ್ಮಿನಿಂದ ಬಸ್ಸಿನಲ್ಲಿ ಚಿಂಚೋಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಉಳಿದ ದಾರಿ ನಡೆದೆವು. ನಮ್ಮ ಕಡೆ ಎಲ್ಲಿ ನೋಡಿದರೂ ಕಲ್ಲು. ಇಲ್ಲಿ ಕೆಂಪು ಮಣ್ಣು, ಕುರುಚಲು ಕಾಡು. ಬೇಸಿಗೆಯಾದ್ದರಿಂದ ಕೆರೆಯಷ್ಟೇ ಕಿರಿದಾಗಿದ್ದ ಆಣೆಕಟ್ಟಿನ ನೀರು ದೂರದಲ್ಲಿ ಹೊಳೆಯುತ್ತಿತ್ತು. ಅತ್ತೆ ಎರಡು ಸಲ ಕುಳಿತು ಎದ್ದಳು. ನಾನು ಕೈ ಹಿಡಿದೆ. ಖಣಿಯಲ್ಲಿ ದುಡಿದ ಕೈ ಒರಟಾಗಿದ್ದರೂ ಆವತ್ತು ಕೂಸಿನ ಕೈಯಂತೆ ಹಗುರವಾಗಿತ್ತು.

ಮಡಿವಾಳಯ್ಯನವರು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕುಳಿತಿದ್ದರು. ಕಣ್ಣಿನ ಮೇಲೆ ಬಿಳಿಯ ಪೊರೆ ಬಂದಿತ್ತು. ನಮ್ಮ ಹೆಜ್ಜೆ ಕೇಳಿ ತಲೆ ಎತ್ತಿದರು.

"ಬರ್ರಿ, ಕುಂದ್ರಿ. ಯಾರವ್ವಾ?"

"ಶಹಾಬಾದ ಕಡಿಯವರ್ರಿ ಅಪ್ಪಾ. ಗುರುಲಿಂಗಮ್ಮನ ಮಗಳು."

"ಗುರುಲಿಂಗಮ್ಮ! ಸಾಯಬಣ್ಣನ ಅವ್ವ! ಆರಾಮದಾಳೇನು?" ಅವರ ಮುಖ ಅರಳಿತು. ಆಮೇಲೆ ಹುಬ್ಬು ಕೂಡಿಸಿ, "ಸಾಯಬಣ್ಣಗ ತಂಗಿ ಅದಾಳೇನು?" ಎಂದರು.

ಅತ್ತೆ ನೆಲದ ಮೇಲೆ ಕುಳಿತಳು. ದಾರಿಯುದ್ದಕ್ಕೂ ಕೇಳಬೇಕೆಂದುಕೊಂಡದ್ದನ್ನು ಕೇಳಲು ಆಕೆಗೆ ಆಗಲಿಲ್ಲ. ನನ್ನನ್ನು ನೋಡಿದಳು. ನಾನು ಹೊರಗಿನವರ ಮುಂದೆ ಮಾತಾಡುವವಳಲ್ಲ, ಆದರೆ ಆವತ್ತು ಹೇಳಿದೆ. ಶಿಬಿರ, ಮರ, ಗಂಜಿಯ ಸಾಲು, ಅರಿವೆಯ ಕೆಳಗಿನ ಕೂಸು, ಖಣಿಯ ಕಲ್ಲು, ಕರಗಿದ ಮಸಿ. ಅಯ್ಯನವರು ಎಲ್ಲಿಯೂ ತಡೆಯಲಿಲ್ಲ.

ಮುಗಿದ ಮೇಲೆ ಅತ್ತೆ ಮೆಲ್ಲಗೆ ಕೇಳಿದಳು, "ನನ್ನ ಯಾಕ ಬಿಟ್ಟ್ರಿ ಅಪ್ಪಾ?"

ಅಯ್ಯನವರು ಎರಡೂ ಕೈಯಿಂದ ಹೊರಸಿನ ಅಂಚು ಹಿಡಿದುಕೊಂಡರು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ನಾ ಸುಳ್ಳ ಹೇಳೂದಿಲ್ಲ ತಾಯಿ. ನನಗ ನೆನಪಿಲ್ಲ" ಎಂದರು. "ಆ ಮರ ನೆನಪದ. ಇನ್ನ ಯಾರರ ಉಳಿದಾರೇನು ಅಂತ ಕೇಳೂದು ನಮ್ಮ ಪದ್ಧತಿ, ಕೇಳೇ ಇರ್ತೀನಿ. ಆದ್ರ ಕುಂತಲ್ಲಿಂದ ಕೇಳ್ತಿದ್ದೆ. ಎದ್ದು ನೋಡ್ತಿರಲಿಲ್ಲ. ಕಣ್ಣ್ ಚಲೋ ಇದ್ದಾಗ ಎದ್ದು ನೋಡಲಿಲ್ಲ ನಾ."

ಕೈ ಚಾಚಿ ಕಲ್ಲನ್ನು ಕೇಳಿದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವರು ಅದನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿದರು. ಮತ್ತೊಮ್ಮೆ ಸವರಿದರು.

"ಫರಸಿ ಚೂರಿಗಿ ಮೂಲಿ ಇರ್ತಾವ. ಕೈ ಕೊಯ್ತದ ಅದು. ಇದಕ್ಕ ಒಂದ್ ಮೂಲೀನೂ ಇಲ್ಲ. ಯಾರು ತಿಕ್ಕ್ಯಾರ ಇದನ್ನ?"

ದಿನಾ ಫರಸಿ ಚೂರು ಹೊರುವ ಅತ್ತೆಗೆ ಗೊತ್ತಿತ್ತು, ಆ ಕಲ್ಲು ತಾನಾಗಿ ಗುಂಡಗಾಗುವುದಿಲ್ಲ. ಪದರ ಪದರವಾಗಿ ಎದ್ದು ಹೋಗುತ್ತದೆ. ಆದರೂ ಆಕೆ ಆ ಬಗ್ಗೆ ಯೋಚಿಸಿರಲಿಲ್ಲ.

"ನಮ್ಮವ್ವ" ಎಂದಳು.

"ಎಷ್ಟ್ ದಿನ ತಿಕ್ಕಿರಬೇಕು ಆಕಿ? ಗಂಡನ್ನ ಮಣ್ಣ್ ಮಾಡಿ ಬಂದಾಕಿ, ಖಣ್ಯಾಗ ದುಡೀತಾ, ಕೂಸಿನ ಎದಿಗಿ ಚುಚ್ಚಬಾರದಂತ ಕಲ್ಲಿಗಿ ಕಲ್ಲು ಹಚ್ಚಿ ತಿಕ್ಕ್ಯಾಳ. ನಾ ಎದ್ದು ನೋಡಲಿಲ್ಲ. ಆಕಿ ಕುಂತು ತಿಕ್ಕಿದಳು. ಶಿವ ಆವತ್ತ್ ಯಾರ ಕೈಯಾಗ ಇದ್ದ ಅಂತಿ ತಾಯಿ? ಲಿಂಗ ತುಂಬಿದ ನನ್ನ ಚೀಲದಾಗ ಇದ್ದನೇನು?"

ಅತ್ತೆಯ ಕಣ್ಣಿನಿಂದ ನೀರು ಇಳಿಯಿತು. ಹಸಿವಿನಿಂದ ಒಣಗಿದ ಮೈಯಲ್ಲಿ ಅಷ್ಟು ನೀರು ಎಲ್ಲಿತ್ತೋ.

"ನಾ ದಿನಾ ಅದರ ಜೋಡಿ ಮಾತಾಡ್ತಿದ್ದೆ ಅಪ್ಪಾ. ನಾ ಇಲ್ಲಿ ಅದೀನಿ, ಗೊತ್ತದ ಇಲ್ಲೋ ಅಂತ ಕೇಳ್ತಿದ್ದೆ. ಅದು ಬರೇ ಕಲ್ಲಿತ್ತು."

"ಕಲ್ಲಿಗಿ ಕಿವಿ ಇಲ್ಲ, ಖರೆ. ನನ್ನ ಕೊಳ್ಳಾಗಿಂದಕ್ಕೂ ಇಲ್ಲ. ಕೇಳೂವ ಬ್ಯಾರೆ ಅದಾನ. ಉಳಿಯೂದಲ್ಲ ಅಂದ ಕೂಸಿನ ಉಳಿಸ್ಯಾನ. ಕುಂತಲ್ಲಿಂದ ಕೇಳಿ ಎದ್ದು ಹೋಗೂವ ಅಲ್ಲ ಅವ."

ಆಮೇಲೆ ಅಯ್ಯನವರು ಮಾಡಿದ್ದನ್ನು ನಾನು ಮರೆಯಲಾರೆ. ಕೋಲು ಹಿಡಿದು ಹೊರಸಿನಿಂದ ಎದ್ದರು. ತಡವರಿಸುತ್ತಾ ಮರದ ಸುತ್ತ ನಡೆದರು. ಬಾವಿಯ ಕಡೆ ಮುಖ ಮಾಡಿ, ದನದ ಕೊಟ್ಟಿಗೆಯ ಕಡೆ ಮುಖ ಮಾಡಿ, ಬೇಲಿಯ ಕಡೆ ಮುಖ ಮಾಡಿ, ಜೋರಾಗಿ ಕೇಳಿದರು.

"ಇನ್ನ ಯಾರರ ಉಳಿದಾರೇನು?"

ಒಳಗಿನಿಂದ ಅವರ ತಂಗಿ ಕೂಗಿದರು, "ಯಾರ ಜೋಡಿ ಮಾತಾಡ್ಲಿಕತ್ತಿ ಅಣ್ಣಾ? ಅಲ್ಲಿ ಎಮ್ಮಿ ಬಿಟ್ಟ್ರ ಯಾರೂ ಇಲ್ಲ!"

ಅಯ್ಯನವರು ಮತ್ತೆ ಕೇಳಿದರು. ಈ ಸಲ ಮೆಲ್ಲಗೆ, ನಮ್ಮ ಕಡೆ ತಿರುಗಿ. "ಇನ್ನ ಯಾರರ ಉಳಿದಾರೇನು?"

ಅತ್ತೆ ನೆಲಕ್ಕೆ ಕೈಯೂರಿ ಎದ್ದು ನಿಂತಳು. ಸೆರಗು ತಲೆಗೆ ಎಳೆದುಕೊಂಡಳು.

"ನಾ ಉಳಿದೀನ್ರಿ ಅಪ್ಪಾ" ಎಂದಳು.

ಆವತ್ತು ಹೊತ್ತು ಮುಳುಗುವ ಮೊದಲೇ ಅತ್ತೆಗೆ ಸ್ನಾನ ಮಾಡಿಸಿದರು. ಅಯ್ಯನವರು ತಮ್ಮ ಹಳೆಯ ಚೀಲದಿಂದ ಒಂದು ಲಿಂಗ ತೆಗೆಸಿ, ಅತ್ತೆಯನ್ನು ಎದುರಿಗೆ ಕೂಡಿಸಿಕೊಂಡು, ಕೂಸಿಗೆ ಮಾಡುವಂತೆಯೇ ಎಲ್ಲವನ್ನೂ ಮಾಡಿದರು. ಕಿವಿಯಲ್ಲಿ ಮಂತ್ರ ಹೇಳಿ, ಎಡಗೈಯಲ್ಲಿ ಲಿಂಗವನ್ನಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು. ಬಿಡಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ಅವರ ತಂಗಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. "ನಿಧಾನ ಉಣ್ಣವ್ವಾ, ಉಪಾಸ ಹೊಟ್ಟಿ ಅದ" ಎಂದು ಪಕ್ಕದಲ್ಲೇ ಕುಳಿತರು. ಅತ್ತೆ ಮೊದಲ ತುತ್ತನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದಳು.

ಹಳೆಯ ಕಲ್ಲನ್ನು ಆಣೆಕಟ್ಟಿನ ನೀರಿಗೆ ಬಿಡಬಹುದು ಎಂದು ಅಯ್ಯನವರು ಹೇಳಿದ್ದರು. ಬೆಳಿಗ್ಗೆ ನಾವಿಬ್ಬರೂ ನೀರಿನ ದಂಡೆಗೆ ಹೋದೆವು. ಅತ್ತೆ ಬಗ್ಗಿ ಕಲ್ಲನ್ನು ತೊಳೆದಳು. ಅಂಟಿಕೊಂಡಿದ್ದ ಮಸಿಯನ್ನು ಉಗುರಿನಿಂದ ಕೆರೆದು ತೆಗೆದಳು. ಆಮೇಲೆ ಅದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, "ನಡಿ, ಬಸ್ಸ್ ತಪ್ತದ" ಎಂದಳು.

ಮನೆಗೆ ಬಂದಾಗ ಅಜ್ಜಿ ಗೋಡೆಯ ಕಡೆಗೇ ತಿರುಗಿ ಮಲಗಿದ್ದಳು. ನಾವು ಹೋದಾಗಿನಿಂದ ಆಕೆಯೂ ಸರಿಯಾಗಿ ಉಂಡಿರಲಿಲ್ಲ ಎಂದು ಅವ್ವ ಹೇಳಿದಳು. ಅತ್ತೆ ಹಾಸಿಗೆಯ ಬದಿಗೆ ಕುಳಿತು ಕೊರಳಿನ ಹೊಸ ಬಟ್ಟೆಗಂಟನ್ನು ಅಜ್ಜಿಯ ಕೈಗೆ ಮುಟ್ಟಿಸಿದಳು.

"ಕಟ್ಟಿದರವ್ವಾ."

"ಪುಣ್ಯವಂತಿ ನೀ" ಎಂದಳು ಅಜ್ಜಿ, ತಿರುಗದೆ. "ನನ್ನದು ಬಿಡು. ಸುಳ್ಳ್ ಹೇಳಿದಾಕಿ ಕಡಿ ಅವ ಯಾಕ ನೋಡ್ತಾನ."

ಅತ್ತೆ ಸೆರಗು ಬಿಚ್ಚಿ ಆ ಕಲ್ಲನ್ನು ಅಜ್ಜಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಯವ್ವಾ, ಇದನ್ನ ಎಷ್ಟ್ ದಿನ ತಿಕ್ಕಿದಿ?"

ಅಜ್ಜಿ ಆಗ ತಿರುಗಿದಳು. "ಜ್ವಾಳ ಕೊಯ್ಯೂತನ" ಎಂದಳು. "ಅಲ್ಲೀತನ ನಿನ್ನ ಕೊಳ್ಳಾಗ ಬರೇ ಬಟ್ಟಿಗಂಟು ಇತ್ತು. ಉಣ್ಣೋ ಹೊತ್ತಿನಾಗ ತಿಕ್ಕ್ತಿದ್ದೆ. ನೀ ಬುಟ್ಟ್ಯಾಗ ಮಲಗಿರ್ತಿದ್ದಿ. ಸಪ್ಪಳ ಕೇಳಿ ನಗ್ತಿದ್ದಿ."

"ಇದು ನನ್ನ ಕಾದದ. ಈಗ ನೀ ಇಟ್ಕೊ."

ಅಜ್ಜಿ ಮುಷ್ಟಿ ಬಿಗಿಯಾಗಿ ಹಿಡಿದು ಎದೆಯ ಮೇಲೆ ಇಟ್ಟುಕೊಂಡಳು. ಆವತ್ತಿನಿಂದ ಆ ಮುಷ್ಟಿಯನ್ನು ಸ್ನಾನಕ್ಕೂ ಬಿಚ್ಚಲು ಕೊಡುವುದಿಲ್ಲ. ಅವ್ವ ಬೈಯುತ್ತಾಳೆ. ಅಜ್ಜಿ ಕೇಳುವುದಿಲ್ಲ. ಆದರೆ ಈಗ ಗೋಡೆಯ ಕಡೆ ತಿರುಗಿ ಮಲಗುವುದಿಲ್ಲ, ನಮ್ಮ ಕಡೆಗೇ ಮುಖ ಮಾಡಿರುತ್ತಾಳೆ.

ಅತ್ತೆ ಮತ್ತೆ ಖಣಿಗೆ ಹೋಗುತ್ತಿದ್ದಾಳೆ. ನಜಮುನ್ನೀಸಾ ಖಾಲಾ ಆಕೆಯನ್ನು ಕಂಡ ಮೊದಲ ದಿನ, "ನನ್ನ ಬಾಯಿಗಿ ಬೀಗ ಹಾಕ್ಬೇಕು" ಎಂದು ತಮ್ಮ ಕೆನ್ನೆಗೆ ಹೊಡೆದುಕೊಂಡರಂತೆ. "ನೀ ಅನ್ನದಿದ್ದ್ರ ನಾ ಚಂದ್ರಂಪಳ್ಳಿ ಯಾವಾಗ ನೋಡ್ತಿದ್ದೆ?" ಎಂದು ಅತ್ತೆ ನಕ್ಕಳಂತೆ. ಮಧ್ಯಾಹ್ನ ಜಾಲಿಮರದ ಕೆಳಗೆ ಇಬ್ಬರೂ ಜೊತೆಗೇ ಕೂರುತ್ತಾರೆ. ಅತ್ತೆ ಪೂಜೆ ಮುಗಿಸುವತನಕ ಖಾಲಾ ತಮ್ಮ ರೊಟ್ಟಿ ಬಿಚ್ಚದೆ ಕಾಯುತ್ತಾರೆ.

ಹೊಸ ಲಿಂಗ ಅಂಗೈಗೆ ಇನ್ನೂ ಒಗ್ಗಿಲ್ಲ ಎಂದು ಅತ್ತೆ ನನಗೆ ಹೇಳಿದಳು. ಹಳೆಯದರ ಭಾರ ಕೈಗೆ ಗೊತ್ತಿತ್ತು, ಎಲ್ಲಿ ಸ್ವಲ್ಪ ತಗ್ಗು, ಎಲ್ಲಿ ಉಬ್ಬು ಎಂದು ಕಣ್ಣುಮುಚ್ಚಿ ಹೇಳಬಹುದಾಗಿತ್ತು. ಕೆಲವು ದಿನ ಆಕೆ ಅಜ್ಜಿಯ ಬಳಿ ಕುಳಿತು ಆ ಮುಷ್ಟಿಯ ಮೇಲೆ ತನ್ನ ಕೈ ಇಟ್ಟುಕೊಳ್ಳುತ್ತಾಳೆ. ಬೇಕೆನಿಸುತ್ತದೆ, ಆದರೆ ಕೇಳುವುದಿಲ್ಲ. ಪೂಜೆಯ ಕೊನೆಯ ಮಾತನ್ನು ಮಾತ್ರ ಬದಲಿಸಿದ್ದಾಳೆ. ಮೊನ್ನೆ ನಾನು ಕಣ್ಣುಮುಚ್ಚಿ ಕೇಳಿಸಿಕೊಂಡೆ. "ನಾ ಇಲ್ಲಿ ಅದೀನಿ" ಎಂದಳು. ಮುಂದಿನದನ್ನು ಕೇಳಲಿಲ್ಲ. ಆಮೇಲೆ, "ಈ ಹುಡುಗೀನೂ ಇಲ್ಲೇ ಅದಾಳ" ಎಂದಳು.

ಶಾಲೆ ಬಿಟ್ಟ ಮೇಲೆ ನನ್ನ ಬಗ್ಗೆ ಯಾರಾದರೂ ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಕಣ್ಣು ತೆರೆಯಲಿಲ್ಲ.

ಅತ್ತೆಗೆ ಓದು ಬರುವುದಿಲ್ಲ. ನಾಳೆ ಬೆಳಿಗ್ಗೆ ಆಕೆ ಖಣಿಗೆ ಹೊರಡುವ ಮೊದಲು ಇದನ್ನು ಓದಿ ಹೇಳುತ್ತೇನೆ. ಬೇಡವೆಂದದ್ದನ್ನು ಹೊಡೆದು ಹಾಕುತ್ತೇನೆ. ಆಮೇಲೆ ಜೋಳ ಬೀಸಿಸಲು ಗಿರಣಿಗೆ ಹೋಗುತ್ತೇನೆ, ಹೋಗುವಾಗ ಇದನ್ನು ವಾಚನಾಲಯದಲ್ಲಿ ಕೊಡುತ್ತೇನೆ.